ಬಿಸಿಯಾದ ಕೋರ್ ಸರಿಯಾದ ಅಳತೆ ಕೊಡುವುದಿಲ್ಲ
ಸಮುದ್ರತಳದ ಕೆಸರಿನ ಕೋರ್ (ಕೊಳವೆಯಲ್ಲಿ ತೆಗೆದ ಮಾದರಿ) ಹಡಗಿಗೆ ಬಂದ ಮೇಲೆ ಬಿಡುವಾದಾಗ ಅದರೊಳಗಿನ ಆಮ್ಲಜನಕ ಅಳೆದರೂ ಸಾಕು ಎಂದು ಒಂದು ಲೇಖನದಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. 4 ಡಿಗ್ರಿಯಲ್ಲಿದ್ದ ಕೆಸರು ಡೆಕ್ ಮೇಲೆ 28 ಡಿಗ್ರಿಗೆ ಬಂದರೆ ಸೂಕ್ಷ್ಮಜೀವಿಗಳ ಉಸಿರಾಟ ಏರುತ್ತದೆ, ಆಮ್ಲಜನಕ ಇಳಿದಿರುವ ಆಳ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಮೇಲೆ ನಿಂತ ನೀರನ್ನು ಚೆಲ್ಲದೆ ಕೋರನ್ನು ತಕ್ಷಣ ಸಮುದ್ರತಳದ ತಾಪಮಾನದ ತೊಟ್ಟಿಗೆ ಇಳಿಸಿ.

ಕೆಸರಿಗೆ ಚುಚ್ಚಿ ಆಮ್ಲಜನಕ ಅಳೆಯುವ ಸೆನ್ಸರ್ ಕ್ಯಾಲಿಬ್ರೇಷನ್ (ಅಳತೆಯನ್ನು ಸರಿಹೊಂದಿಸುವುದು) ಕೂಡ ಅದೇ ತಾಪಮಾನದಲ್ಲೇ ಆಗಬೇಕು. ಗಾಳಿ ಹಾಯಿಸಿದ ಸಮುದ್ರದ ನೀರು 100%, ಆಮ್ಲಜನಕವನ್ನು ಹೀರಿಬಿಡುವ ಸೋಡಿಯಂ ಸಲ್ಫೈಟ್ ಬೆರೆಸಿದ ನೀರು ಸೊನ್ನೆ. ಆಮೇಲೆ ತುದಿಯನ್ನು ಚೆನ್ನಾಗಿ ತೊಳೆಯಿರಿ. ಕರಾವಳಿಯ ಕೆಸರಿನಲ್ಲಿ ಆಮ್ಲಜನಕ ಕೆಲವೇ ಮಿಲಿಮೀಟರ್ ಇಳಿಯುವುದರಿಂದ 0.1 ಮಿ.ಮೀ. ಹೆಜ್ಜೆಯಲ್ಲೇ ಸಾಗಬೇಕು. ಚಿಪ್ಪು ತಗುಲಿ ಗಾಜಿನ ತುದಿ ಒಡೆದರೆ ಆಮ್ಲಜನಕವನ್ನು ವಿದ್ಯುತ್ ಪ್ರವಾಹದ ಮೂಲಕ ಅಳೆಯುವ ಕ್ಲಾರ್ಕ್ ಸೆನ್ಸರ್‌ನ ಸಿಗ್ನಲ್ ಏರಿಯೇ ಉಳಿಯುತ್ತದೆ. ಅದಕ್ಕೇ ಪ್ರತಿ ಪ್ರೊಫೈಲ್ (ಮೇಲಿನಿಂದ ಆಳದವರೆಗಿನ ಒಂದು ಸರಣಿ ಅಳತೆ) ಮುಗಿದ ಮೇಲೆ ಸೊನ್ನೆಯನ್ನು ಮತ್ತೆ ನೋಡಬೇಕು.