ಎತ್ತಿ ಕಟ್ಟಿದ ಮುಂಡು

ಮುಂಡು, ಅಂದರೆ ಸೊಂಟಕ್ಕೆ ಸುತ್ತುವ ಪಂಚೆ, ಉಡುವುದನ್ನು ಯಾರು ಬೇಕಾದರೂ ಒಂದು ಬೆಳಗ್ಗೆಯಲ್ಲಿ ಕಲಿಯಬಹುದು. ಅದನ್ನು ಯಾವಾಗ ಎತ್ತಿ ಕಟ್ಟಬೇಕು, ಯಾರ ಎದುರು ಇಳಿಬಿಡಬೇಕು ಎಂಬುದು ತಿಳಿಯಬೇಕಾದರೆ ಮಾತ್ರ ನಮ್ಮ ಕರಾವಳಿಯಲ್ಲಿಯೇ ಬೆಳೆದಿರಬೇಕು. ಮಂಗಳೂರಿನ ಬಟ್ಟೆ ಅಂಗಡಿಯಲ್ಲಿ "ಸಿಂಗಲ್ ಬೇಕಾ, ಡಬಲ್ ಬೇಕಾ?" ಎಂದು ಕೇಳಿ ಕಟ್ಟಿಕೊಡುತ್ತಾರೆ, ಉಳಿದ ಶಿಕ್ಷಣವೆಲ್ಲ ಬೀದಿಯಲ್ಲಿ. ಗದ್ದೆಯ ಹುಣಿಯ ಮೇಲೆ ನಡೆಯುವವನು, ಮೀನು ಮಾರುಕಟ್ಟೆಯ ನೀರಿಗೆ ಕಾಲಿಟ್ಟವನು, ಜಗಳಕ್ಕೆ ಹೊರಟವನು, ಮೂವರೂ ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿರುತ್ತಾರೆ. ಮೂರನೆಯವನು ಯಾರೆಂಬುದು ದೂರದಿಂದಲೇ ಗೊತ್ತಾಗುತ್ತದೆ, ಏಕೆಂದರೆ ಅವನು ನಡೆಯುತ್ತಲೇ ಗಂಟನ್ನು ಮತ್ತೆ ಮತ್ತೆ ಬಿಗಿಯುತ್ತಿರುತ್ತಾನೆ. ಎದುರಿನಿಂದ ಶಾಲೆಯಲ್ಲಿ ಕಲಿಸಿದ ಮಾಸ್ಟ್ರು ಬಂದರೆನ್ನಿ, ಎರಡು ಬೆರಳು ಆ ಮಡಿಕೆಯನ್ನು ಸಡಿಲಿಸುತ್ತವೆ, ಬಟ್ಟೆ ಸರ್ರನೆ ಪಾದಕ್ಕೆ ಇಳಿಯುತ್ತದೆ. ನಮಸ್ಕಾರ ಅಲ್ಲಿಗೆ ಸಂದಾಯವಾಯಿತು, ಕೈ ಮುಗಿಯಬೇಕೆಂದೇನೂ ಇಲ್ಲ. ಮಾಸ್ಟ್ರು ತಿರುವು ದಾಟಿದರೆ ಬಟ್ಟೆ ಮತ್ತೆ ಮೇಲೆ. ಇಳಿಬಿಡದೆ ಹಾಗೆಯೇ ಹಾದುಹೋದವನ ಸುದ್ದಿ ಸಂಜೆಯೊಳಗೆ ಅವನ ಮನೆ ಮುಟ್ಟಿರುತ್ತದೆ.

ಇಷ್ಟಕ್ಕೂ ಮೂಲ ಮಳೆ ಮತ್ತು ಬೆವರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನಲ್ಲಿ ಕಾಲಿಗೆ ಅಂಟಿಕೊಳ್ಳುವ ಬಟ್ಟೆಯೇ ಶತ್ರು. ಮಳೆ ಬಿಡದ ತುಳುವರ ಆಟಿ ತಿಂಗಳಲ್ಲಿ ಒಗೆದ ಜೀನ್ಸ್ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ದಿನಗಟ್ಟಲೆ ನೇತಾಡಿ, ಕೊನೆಗೆ ಹೊಗೆಯ ವಾಸನೆ ಹೊತ್ತು ಕಾಲೇಜಿಗೆ ಹೋಗುತ್ತದೆ. ಮುಂಡನ್ನು ರಾತ್ರಿ ಫ್ಯಾನಿನ ಕೆಳಗೆ ಹರಡಿದರೆ ಬೆಳಗಾಗುವಷ್ಟರಲ್ಲಿ ಸಿದ್ಧ. ಉಡುಪಿ ಸೀರೆಯೂ ಇದೇ ಹವೆಗೆ ಹುಟ್ಟಿದ್ದು: ಹಗುರವಾದ ಹತ್ತಿ, ಸಣ್ಣ ಚೌಕುಳಿ, ಅಕ್ಕಿಯ ಗಂಜಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕಿದೆ. ನೇಯುವವರು ಬೆರಳೆಣಿಕೆಗೆ ಇಳಿದ ಮೇಲೆ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಮಗ್ಗದ ಸದ್ದು ಈಗ ಮತ್ತೆ ಕೇಳುತ್ತಿದೆ.

ಮಣಿಪಾಲದಲ್ಲಿ ಹೊಸ ಕಟ್ಟಡ ಏಳುವ ಕಡೆ ಬೆಳಗ್ಗೆ ನಿಂತರೆ ಬೇರೆಯದೇ ಸೀರೆ ಕಾಣುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದ ಹೆಂಗಸರದು. ಕೆಂಪು ಸೆರಗು, ಅದರ ಮೇಲೆ ಗೋಪುರದ ಸಾಲಿನ ಹಾಗೆ ಬಿಳಿಯ ತೆನೆಗಳು. ನಿಜವಾದ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ರೇಷ್ಮೆ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸಿಮೆಂಟಿನ ಕೆಲಸಕ್ಕೆ ಉಡುವುದು ಬಹುಮಟ್ಟಿಗೆ ಅದೇ ನಮೂನೆಯ ಪಾಲಿಸ್ಟರ್. ಆದರೂ ತೆನೆ ಬಿಟ್ಟಿಲ್ಲ, ತಲೆಯ ಮೇಲಿನ ಸೆರಗನ್ನೂ ಬಿಟ್ಟಿಲ್ಲ. ಇಲ್ಲಿ ಅದೇ ಸೆರಗು ಜಲ್ಲಿ ಬುಟ್ಟಿಯ ಕೆಳಗೆ ಸಿಂಬಿಯಾಗುತ್ತದೆ. ನಾವು ಅವರನ್ನೆಲ್ಲ "ಘಟ್ಟದವರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಸೀರೆ ಜಿಲ್ಲೆಯ ಹೆಸರನ್ನೂ ಹೇಳುತ್ತಿರುತ್ತದೆ, ಕೇಳುವ ವ್ಯವಧಾನ ನಮಗಿಲ್ಲ.

ನಮ್ಮ ಕಡೆಯ ಹೆಂಗಸರ ನಿಜವಾದ ಸಮವಸ್ತ್ರ ಈಗ ನೈಟಿ. ಜಾತಿ, ಧರ್ಮ, ಭಾಷೆಗಳ ಭೇದವಿಲ್ಲದೆ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಎಲ್ಲವೂ ನೈಟಿಯೊಳಗೆ ಒಂದಾಗಿವೆ. ಯಾವ ಸಾಮರಸ್ಯ ಸಮಾವೇಶಕ್ಕೂ ಇದು ಸಾಧ್ಯವಾಗಿಲ್ಲ. ಆದರೆ ಗೇಟಿನ ಬಳಿ ಯಾರೋ ಕೂಗಿದರೆ ಕೈ ತಾನಾಗಿ ಹಗ್ಗದ ಮೇಲಿನ ಬೈರಾಸಿಗೆ, ಅಂದರೆ ಟವೆಲ್ಲಿಗೆ, ಹೋಗುತ್ತದೆ. ಬೈರಾಸು ಹೆಗಲೇರಿತೆಂದರೆ ನೈಟಿ ಮರ್ಯಾದಸ್ಥ ಉಡುಪಾಯಿತು, ರಸ್ತೆಯ ಕೊನೆಯ ಅಂಗಡಿಯವರೆಗೂ ನಡೆಯುತ್ತದೆ. ಬಸ್ ಹತ್ತಲು ನಡೆಯುವುದಿಲ್ಲ. ಈ ಗಡಿಯನ್ನು ಯಾರು ಎಳೆದರೋ, ಎಲ್ಲರೂ ಪಾಲಿಸುತ್ತಾರೆ.

ಕಳಚುವುದಕ್ಕೂ ನಿಯಮವಿದೆ. ಉಡುಪಿಯ ಕೃಷ್ಣಮಠದ ಒಳಗೆ ಗಂಡಸರು ಅಂಗಿ ತೆಗೆಯಬೇಕು. ದೇವರ ಮುಂದೆ ಎಲ್ಲರೂ ಸಮಾನರೆಂದು ಅದಕ್ಕೆ ವ್ಯಾಖ್ಯಾನ ಕೊಡುವವರಿದ್ದಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಅಂಗಿ ಇದ್ದಷ್ಟು ಹೊತ್ತು ಎಲ್ಲರೂ ಬರಿಯ ಭಕ್ತರು. ತೆಗೆದ ಕೂಡಲೇ ಜನಿವಾರ ಇದ್ದವರು ಯಾರು, ಇಲ್ಲದವರು ಯಾರು ಎಂಬುದು ಸಾಲಿನ ಉದ್ದಕ್ಕೂ ಕಾಣುತ್ತದೆ. ಇನ್ನು ತಲೆಗೆ ಹೊದ್ದ ಬಟ್ಟೆಯ ವಿಷಯ. ಇದೇ ಉಡುಪಿಯ ಕಾಲೇಜೊಂದರಲ್ಲಿ ಎದ್ದ ಹಿಜಾಬಿನ ವಿವಾದ 2022ರಲ್ಲಿ ಸುಪ್ರೀಂ ಕೋರ್ಟ್ ತಲುಪಿ, ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಒಂದೂವರೆ ಗಜ ಬಟ್ಟೆಗೆ ಅಷ್ಟು ಮಾತಿದೆ ಎಂದಮೇಲೆ ಪ್ರಬಂಧಕಾರ ಸುಮ್ಮನಿರುವುದು ಲೇಸು.

ಸಿಟಿ ಬಸ್ಸಿನ ಬಾಗಿಲಲ್ಲಿ ಒಂದೇ ಕೈಯಲ್ಲಿ ಜೋತುಬಿದ್ದು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುವ ಕಂಡಕ್ಟರನ ಖಾಕಿ ಅಂಗಿಗೂ ಇಲ್ಲಿ ಮನೆಯ ಹಕ್ಕಿದೆ. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಬಂದ ಜಾನ್ ಹಾಲರ್ ಆ ಬಣ್ಣ ತಯಾರಿಸಿದರೆಂಬುದು ಮಂಗಳೂರಿನ ಹಳೆಯ ಹೆಮ್ಮೆ. ಪೇಶಾವರದಲ್ಲಿ 1846ರಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಎಂಬ ಸೈನಿಕ ಪಡೆ ಅದಕ್ಕೂ ಮೊದಲೇ ಮಣ್ಣುಬಣ್ಣ ತೊಟ್ಟಿತ್ತಲ್ಲ ಎಂದರೆ ಊರಿನವರ ಮುಖ ಸಣ್ಣದಾಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಕುಳಿತು ನಾನು ಆ ಮಾತು ಎತ್ತುವುದಿಲ್ಲ, ಚಿಲ್ಲರೆ ಸಿಗುವುದು ಕಷ್ಟ.

ತೀರಾ ಬದಲಾದದ್ದು ಮುಟ್ಟಾಳೆಯ ಹಣೆಬರಹ. ಅಡಿಕೆ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು ಮಾಡುವ ಈ ಟೋಪಿ ಹೊರೆ ಹೊರುವವರ, ಗದ್ದೆ ಉಳುವವರ ತಲೆಯ ಮೇಲಿತ್ತು. ಅದನ್ನು ಇಟ್ಟುಕೊಂಡವನು ಧಣಿಯ ಅಂಗಳದಲ್ಲಿ ನಿಲ್ಲುತ್ತಿದ್ದ, ಚಾವಡಿ ಹತ್ತುತ್ತಿರಲಿಲ್ಲ. ಈಗ ಕಂಬಳದ ಉದ್ಘಾಟನೆಗೆ ಬಂದ ಮಂತ್ರಿಗಳಿಗೆ ಶಾಲಿನ ಜೊತೆ ಅದನ್ನು ತೊಡಿಸುತ್ತಾರೆ. ಹೊಸ ಹಾಳೆ ಯಾರ ತಲೆಗೂ ಬೇಗ ಒಗ್ಗುವುದಿಲ್ಲ. ಭಾಷಣ ಮುಗಿಯುವವರೆಗೂ ಮಂತ್ರಿಗಳ ಒಂದು ಕೈ ಮೈಕಿನ ಮೇಲೆ, ಇನ್ನೊಂದು ಕೈ ಮುಟ್ಟಾಳೆಯ ಮೇಲೆ.