ಇಪ್ಪತ್ತೆರಡನೇ ಬಾಲ್ಸು

ಕೊಡಗಿನಲ್ಲಿ ಸೈಕಲ್ ಇಟ್ಟುಕೊಳ್ಳುವುದು ಅಂದ್ರೆ ಅರ್ಧ ದಾರಿ ಅದರ ಮೇಲೆ ಕೂರುವುದು, ಇನ್ನರ್ಧ ದಾರಿ ಅದನ್ನು ತಳ್ಳುವುದು. ನಮ್ಮ ಮನೆ ಮೂರ್ನಾಡಿನ ಹತ್ತಿರ ಒಂದು ಏರಿನ ತುದಿಯಲ್ಲಿದೆ. ಪೇಟೆಗೆ ಇಳಿಯಲು ಏಳು ನಿಮಿಷ, ವಾಪಸ್ ಬರಲು ಮುಕ್ಕಾಲು ಗಂಟೆ. ದಾರಿಯಲ್ಲಿ ಸಿಕ್ಕವರೆಲ್ಲ "ಏನು, ಪಂಕ್ಚರಾ?" ಅಂತ ಕೇಳುತ್ತಾರೆ. ಮೊದಲೆಲ್ಲ "ಇಲ್ಲ, ಏರು" ಅನ್ನುತ್ತಿದ್ದೆ. ಈಗ "ಹೂಂ" ಅಂದುಬಿಡುತ್ತೇನೆ. ನಲವತ್ತೆಂಟು ವರ್ಷದವನಿಗೆ ಪಂಕ್ಚರೇ ಮರ್ಯಾದೆ.

ಮನೆಯಲ್ಲಿ ಎರಡು ಸೈಕಲ್ ಇವೆ. ಒಂದು ಅಪ್ಪನದು. ಕರಿ ಬಣ್ಣ, 28 ಇಂಚಿನ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40, ತಂತಿಯ ಬದಲು ಕಬ್ಬಿಣದ ಸಲಾಕೆ ಎಳೆದು ಹಿಡಿಯುವ ಬ್ರೇಕು. ಒಳಪೆಡಲ್ ಹೊಡೆದು ಮೊಣಕಾಲು ಕೆತ್ತಿಸಿಕೊಂಡು ನಾನು ಕಲಿತದ್ದು ಅದರಲ್ಲೇ. ಇನ್ನೊಂದು ಮಗನ ಹಟಕ್ಕೆ ತಂದದ್ದು. 21 ಗೇರು, ಡಿಸ್ಕ್ ಬ್ರೇಕು, ಸ್ಟ್ಯಾಂಡ್ ಮಾತ್ರ ಇಲ್ಲ, ಅದಕ್ಕೆ ಬೇರೆ ದುಡ್ಡಂತೆ. ಎರಡಕ್ಕೂ ಮೆಕ್ಯಾನಿಕ್ ನಾನೇ. ಯಾರೂ ನೇಮಿಸಿದ್ದಲ್ಲ, ಸುಮ್ನೆ ನಾನಾಗಿಯೇ ವಹಿಸಿಕೊಂಡದ್ದು.

ಹಳೇ ಸೈಕಲಿನ ಕಾಯಿಲೆ ಹೆಚ್ಚಾಗಿ ಗಾಳಿಯದು. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇರುವುದಿಲ್ಲ. ಇದಕ್ಕೆ ಅಪ್ಪ ಹೇಳಿಕೊಟ್ಟ ಪರೀಕ್ಷೆ ಇದೆ. ಬೆರಳ ತುದಿಯಲ್ಲಿ ಸ್ವಲ್ಪ ಎಂಜಲು ತೆಗೆದು ವಾಲ್ವಿನ ಬಾಯಿಗೆ ಹಚ್ಚಿ ಉಸಿರು ಬಿಗಿ ಹಿಡಿದು ನೋಡಬೇಕು. ಒಂದು ಸಣ್ಣ ಗುಳ್ಳೆ ನಿಧಾನ ಉಬ್ಬುತ್ತದೆ, ಇನ್ನೂ ಉಬ್ಬುತ್ತದೆ, ಟಪ್ ಅಂತ ಒಡೆಯುತ್ತದೆ. ಗುಳ್ಳೆ ಬಂದರೆ ಟ್ಯೂಬು ಸರಿ ಇದೆ, ಒಳಗಿನ ವಾಲ್ವ್ ಟ್ಯೂಬು ಸೀಳಿದೆ ಅಂತ ಅರ್ಥ. ಒಂದು ಸಣ್ಣ ತುಂಡು ರಬ್ಬರ್ ಕೊಳವೆ ಕತ್ತರಿಸಿ ಹಾಕಿದರೆ ಮುಗಿಯಿತು. ನಾನು ಜೀವನದಲ್ಲಿ ತಪ್ಪಿಲ್ಲದೆ ಮಾಡಿದ ರಿಪೇರಿ ಇದೊಂದೇ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಗುಳ್ಳೆ ಬರದಿದ್ದರೆ ಪಂಕ್ಚರ್. ಜುಲೈ ತಿಂಗಳಲ್ಲಿ ಆದ ಪಂಕ್ಚರ್ ಹೇಳುತ್ತೇನೆ. ಟೈರ್ ಬಿಚ್ಚುವ ಲಿವರ್ ಇರಲಿಲ್ಲ, ಎರಡು ಊಟದ ಚಮಚ ತಗೊಂಡೆ. ಟ್ಯೂಬನ್ನು ಬಕೆಟ್ಟಿನಲ್ಲಿ ಮುಳುಗಿಸಿ ತೂತು ಹಿಡಿದೆ, ಉಪ್ಪು ಕಾಗದದಲ್ಲಿ ತಿಕ್ಕಿ ಸಲ್ಯೂಷನ್ ಹಚ್ಚಿದೆ. ತೇಪೆ ಅಂಟಿಸುವ ಮೊದಲು ಅದು ಐದು ನಿಮಿಷ ಒಣಗಬೇಕು. ನಮ್ಮಲ್ಲಿ ಜೂನಿನಿಂದ ಬಟ್ಟೆಯೇ ಒಣಗಿರುವುದಿಲ್ಲ, ಇದು ಒಣಗುತ್ತದಾ? ಬಟ್ಟೆ ಒಣಗಿಸುವ ಹಾಗೆ ಒಲೆ ಹತ್ತಿರ ಹಿಡಿದೆ. ಭಗ್ ಅಂತು. ಸಲ್ಯೂಷನ್ನಿಗೆ ಬೆಂಕಿ ಅಂದ್ರೆ ಅಷ್ಟು ಪ್ರೀತಿ ಅಂತ ಡಬ್ಬಿಯ ಮೇಲೆ ಬರೆದೇ ಇತ್ತು, ಆದರೆ ಓದಲು ಕನ್ನಡಕ ಬೇಕಿತ್ತು. ಬಲಗಡೆ ಹುಬ್ಬು ಬರಲು ಆಗಸ್ಟ್ ಆಯಿತು. ಅಷ್ಟೆಲ್ಲ ಆಗಿ ಟೈರ್ ಕೂರಿಸುವಾಗ ಚಮಚದ ಹಿಡಿ ಟ್ಯೂಬನ್ನು ರಿಮ್ಮಿಗೆ ಒತ್ತಿ ಅಕ್ಕಪಕ್ಕ ಎರಡು ಹೊಸ ತೂತು ಮಾಡಿತು. ಮೊದಲಿನ ತೂತಿಗೆ ಕಾರಣವಾದ ಮುಳ್ಳು? ಅದು ಟೈರಿನಲ್ಲೇ ಹಾಯಾಗಿತ್ತು. ಟೈರಿನ ಒಳಗೆ ಬೆರಳಾಡಿಸಿ ನೋಡಬೇಕು ಅಂತ ಆಮೇಲೆ ಹೆಂಡತಿ ಹೇಳಿದಳು. ಅವಳಿಗೆ ಸೈಕಲ್ ಬಿಡಲು ಬರುವುದಿಲ್ಲ.

1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ಡನ್ಲಪ್ ಮೂಲತಃ ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ ಕುಲುಕುತ್ತದೆ ಅಂತ ಈ ಕೆಲಸಕ್ಕೆ ಕೂತವರು. ಮಗನಿಗಾಗಿ ಸೈಕಲ್ ರಿಪೇರಿಗೆ ಕೂತ ಅಪ್ಪಂದಿರಲ್ಲಿ ಉದ್ಧಾರವಾದವರು ನನಗೆ ತಿಳಿದ ಮಟ್ಟಿಗೆ ಅವರೊಬ್ಬರೇ.

ಯಾಕೆಂದರೆ ನನ್ನ ಮಗನ ಸೈಕಲಿನ ಕಥೆ ಬೇರೆ. ಹಳೇ ಸೈಕಲಿನ ಬ್ರೇಕ್ ಮಳೆಯಲ್ಲಿ ಹಿಡಿಯುವುದೇ ಇಲ್ಲ, ಒದ್ದೆಯಾದ ಉಕ್ಕಿನ ರಿಮ್ಮಿಗೆ ರಬ್ಬರ್ ಕಚ್ಚುವುದಿಲ್ಲ, ಇಳಿಜಾರಿನಲ್ಲಿ ನಿಜವಾದ ಬ್ರೇಕು ಅಂದ್ರೆ ಕಾಲಿನ ಚಪ್ಪಲಿ. ಹೊಸತಕ್ಕೆ ಆ ಚಿಂತೆ ಇಲ್ಲ, ಡಿಸ್ಕ್ ಅಲ್ವಾ, ಮಳೆಯಲ್ಲೂ ಹಿಡಿಯುತ್ತದೆ. ಆದರೆ ಒದ್ದೆಯಾದರೆ ಕೀಂ ಅಂತ ಒಂದು ಸದ್ದು, ಎರಡು ತೋಟದ ಆಚೆಗೂ ಕೇಳುವಂಥದ್ದು. ನಾಯಿಗಳು ಉತ್ತರ ಕೊಡಲು ಶುರು ಮಾಡಿದ ಮೇಲೆ ನಾನು ಹೊಲಿಗೆ ಮಿಷನ್ನಿನ ಎಣ್ಣೆ ತಂದೆ. ಕೀಚಲು ಸದ್ದಿಗೆ ಎಣ್ಣೆ ಬಿಡುವುದು ಬಾಗಿಲಿನ ಕೀಲಿನಿಂದ ಕಲಿತ ವಿದ್ಯೆ. ಎರಡೂ ಡಿಸ್ಕಿಗೆ ಧಾರಾಳವಾಗಿ ಬಿಟ್ಟೆ. ಪರೀಕ್ಷೆಗೆ ನಾನೇ ಹತ್ತಿದೆ, ಆ ಮಟ್ಟಿಗೆ ಒಳ್ಳೆ ಅಪ್ಪ.

ಬ್ರೇಕ್ ಒತ್ತಿದೆ. ಕೀಂ ಅನ್ನುವುದು ನಿಂತಿತ್ತು. ಸೈಕಲ್ ನಿಲ್ಲಲಿಲ್ಲ.

ಮೊದಲ ತಿರುವು ಹೇಗೋ ದಾಟಿದೆ. ಎರಡನೆಯದರಲ್ಲಿ ಸೀದಾ ಪಕ್ಕದವರ ತೋಟದ ರೋಬಸ್ಟಾ ಕಾಫಿ ಗಿಡಗಳ ನಡುವೆ ನುಗ್ಗಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡೆ. ತೋಟದ ಯಜಮಾನರು ಕೊಡೆ ಹಿಡಿದು ಬಂದು ಮೊದಲು ಬಳ್ಳಿ ನೋಡಿದರು, ಆಮೇಲೆ ನನ್ನನ್ನು. ಎದ್ದು ಬರುವಷ್ಟರಲ್ಲಿ ಎರಡೂ ಕಾಲಿಗೆ ಜಿಗಣೆ ಹತ್ತಿತ್ತು. ಡಿಸ್ಕಿಗೆ ಎಣ್ಣೆಯ ವಾಸನೆಯೂ ತಾಗಬಾರದಂತೆ. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಹಾಕಿ ಡಿಸ್ಕ್ ಒರೆಸಿದೆ, ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು ಹೊಸದು ಹಾಕಬೇಕಾಯಿತು.

ಗೇರಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ನೆನೆಸಿದರೆ ನಾಚಿಕೆ. ಚೈನು ಕರಕರ ಅನ್ನುತ್ತಿತ್ತು. ಹಿಂದಿನ ಗೇರಿನ ಮೇಲೆ ಎರಡು ಸಣ್ಣ ಸ್ಕ್ರೂ, ಎಚ್, ಎಲ್. ಎಚ್ ಅಂದ್ರೆ ಹೈ, ಹೈ ಅಂದ್ರೆ ದೊಡ್ಡ ಹಲ್ಲು ಚಕ್ರ ಅಂತ ನನ್ನ ಲೆಕ್ಕ. ನಿಜದಲ್ಲಿ ಎಚ್ ಕಾಯುವುದು ಸಣ್ಣ ಚಕ್ರದ ಕಡೆಯ ಗಡಿ, ಎಲ್ ದೊಡ್ಡದರ ಕಡೆಯದು. ನಾನು ಎಲ್ ಸಡಿಲಿಸಿದೆ. ಏರಿನಲ್ಲಿ ಮಗ ದೊಡ್ಡ ಚಕ್ರಕ್ಕೆ ಹಾಕಿದ ಕೂಡಲೇ ಚೈನು ಗಡಿ ದಾಟಿ ಕಡ್ಡಿಗಳ ನಡುವೆ ಬಿದ್ದು ಕಚ್ಚಿಕೊಂಡಿತು. ನಾಲ್ಕು ಕಡ್ಡಿ ಹೋದವು. ಆ ಸ್ಕ್ರೂ ಮುಟ್ಟುವ ಅಗತ್ಯವೇ ಇರಲಿಲ್ಲವಂತೆ. ಹೊಸ ಕೇಬಲ್ ಸ್ವಲ್ಪ ಹಿಗ್ಗುತ್ತದೆ, ಅದರ ಬುಡದ ತಿರುಪನ್ನು ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದರೆ ಸಾಕಿತ್ತು.

ಈಗ ಅಸಲು ವಿಷಯಕ್ಕೆ ಬರೋಣ. ಫೆಬ್ರವರಿ. ಮೆಣಸು ಕೊಯ್ದು ಕಣದಲ್ಲಿ ಟಾರ್ಪಾಲಿನ ಮೇಲೆ ಒಣ ಹಾಕಿದ್ದೆವು. ಅಪ್ಪನ ಸೈಕಲಿನ ಎಡ ಪೆಡಲ್ ಬದಲಿಸಬೇಕಿತ್ತು, ಹತ್ತು ನಿಮಿಷದ ಕೆಲಸ. ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದೆ. ಅಲುಗಲಿಲ್ಲ. ಪೈಪ್ ಸಿಕ್ಕಿಸಿ ತಿರುಗಿಸಿದೆ. ಕೊನೆಗೆ ಮೇಲೆ ಹತ್ತಿ ನಿಂತೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ ಅಂತ ಮಗ ಕಿಟಕಿಯಿಂದ ಕೂಗಿದ. ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ಅಂದ್ರೆ ಅರ್ಧ ಗಂಟೆಯಿಂದ ನಾನು ಅದನ್ನು ಬಿಗಿ ಮಾಡುತ್ತಿದ್ದೆ. ಇನ್ನು ಅದು ಈ ಜನ್ಮದಲ್ಲಿ ಬರುವಂತಿರಲಿಲ್ಲ. ಹಾಗಾದರೆ ಪೆಡಲ್ ಕೂರುವ ತೋಳು, ಅಂದ್ರೆ ಕ್ರ್ಯಾಂಕನ್ನೇ ಬಿಚ್ಚೋಣ ಅಂತ ಹೊರಟೆ.

ಕ್ರ್ಯಾಂಕನ್ನು ಹಿಡಿದಿಡುವುದು ಕಾಟರ್ ಪಿನ್ನು. ಅದಕ್ಕೆ ಅಪ್ಪನ ವಯಸ್ಸಿನ ತುಕ್ಕು. ಹುಳಿ ಹಾಕಿದರೆ ತುಕ್ಕು ಬಿಡುತ್ತದೆ ಅಂತ ಎಲ್ಲೋ ಕೇಳಿದ್ದೆ, ಕೊಡಗಿನ ಮನೆಯಲ್ಲಿ ಹುಳಿ ಅಂದ್ರೆ ಕಾಚಂಪುಳಿ. ಬಟ್ಟೆ ನೆನೆಸಿ ರಾತ್ರಿಯಿಡೀ ಪಿನ್ನಿಗೆ ಕಟ್ಟಿದೆ. ತುಕ್ಕು ಬಿಟ್ಟಿತು, ಸುಳ್ಳು ಹೇಳಬಾರದು. ಆದರೆ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ, ಡಾಂಬರಿನಂತೆ ಇಳಿಸಿ, ಬಾಟಲಿಯಲ್ಲಿ ವರ್ಷಕ್ಕೆ ಅಂತ ಇಟ್ಟವರು ಅಮ್ಮ. ಬೆಳಿಗ್ಗೆ ಅಂಗಳದಲ್ಲಿ ಅರ್ಧ ಖಾಲಿ ಬಾಟಲಿ ಕಂಡು ಅವರು ಏನೂ ಅನ್ನಲಿಲ್ಲ. ಸೈಕಲ್ ಮೂಸಿ ನೋಡಿ ಒಳಗೆ ಹೋದರು.

ಪಿನ್ನು ಹೊಡೆಯುವಾಗ ನಟ್ಟನ್ನು ಪೂರ್ತಿ ಬಿಚ್ಚಬಾರದು, ತುದಿಗೆ ಸಮ ಮಾಡಿ ಬಿಟ್ಟು ಹೊಡೆಯಬೇಕು. ನಾನು ಪೂರ್ತಿ ಬಿಚ್ಚಿ ಹೊಡೆದೆ. ತುದಿ ಅಣಬೆಯ ಹಾಗೆ ಅರಳಿತು, ಗರಗಸದಲ್ಲಿ ಕೊಯ್ಯಬೇಕಾಯಿತು. ಕ್ರ್ಯಾಂಕ್ ಬಂತು. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಹೇಗೂ ಬಿಚ್ಚಿದ್ದೇನೆ, ಕ್ರ್ಯಾಂಕಿನ ಎಕ್ಸೆಲ್ ತಿರುಗುವ ಬಿಬಿ ಕಪ್ಪು ತೆಗೆದು ಗ್ರೀಸ್ ಹಾಕಿಬಿಡೋಣ ಅನ್ನಿಸಿತು. ಕಪ್ಪು ತಿರುಗಿಸಿ ಎಕ್ಸೆಲ್ ಎಳೆದೆ. ಒಂದೊಂದು ಕಡೆ 11ರಂತೆ 22 ಬಾಲ್ಸು, ಕಾಲು ಇಂಚಿನ ಉಕ್ಕಿನ ಗುಂಡುಗಳು, ಹಳೇ ಗ್ರೀಸಿನಲ್ಲಿ ಕಪ್ಪಗಾದವು, ಟಣಟಣ ಅಂತ ಕಣಕ್ಕೆ ಬಿದ್ದು, ಇಳಿಜಾರಿನಲ್ಲಿ ಉರುಳಿ, ಟಾರ್ಪಾಲಿನ ಅಂಚು ಹಾರಿ ಮೆಣಸಿಗೆ ಸೇರಿಕೊಂಡವು.

ಒಣಗಿದ ಕರಿಮೆಣಸು ಎಷ್ಟು ದಪ್ಪ ಇರುತ್ತದೆ, ಕಾಲು ಇಂಚಿನ ಬಾಲ್ಸು ಎಷ್ಟು ದಪ್ಪ ಇರುತ್ತದೆ ಅಂತ ಅವತ್ತು ನನಗೆ ಚೆನ್ನಾಗಿ ಗೊತ್ತಾಯಿತು. ಹಳೇ ರೇಡಿಯೋದ ಸ್ಪೀಕರ್ ಒಡೆದು ಮ್ಯಾಗ್ನೆಟ್ ತೆಗೆದು, ಮಂಡಿಯೂರಿ, ಮೂರು ಗಂಟೆ ಮೆಣಸಿನ ಮೇಲೆ ಆಡಿಸಿದೆ. ಎರಡು ಮೊಳೆ, ಒಂದು ಪಿನ್ನು, 21 ಬಾಲ್ಸು ಸಿಕ್ಕವು. ಗೋಣಿಕೊಪ್ಪದ ಸೈಕಲ್ ಶಾಪಿನವರು "ಒಂದು ಹಾಕಿದ್ರೆ ಆಗಲ್ಲ, ಎಲ್ಲಾ ಹೊಸದೇ ಹಾಕಿ" ಅಂತ 22 ಕೊಟ್ಟರು. ಸಿಗದ ಒಂದು ವ್ಯಾಪಾರಿಯ ಮೂಟೆ ಸೇರಿರಬೇಕು ಅಂದುಕೊಂಡೆ. ಒಂದು ಗ್ರಾಮ್ ಕಬ್ಬಿಣಕ್ಕೆ ಮೆಣಸಿನ ರೇಟು, ಲಾಭವೇ.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಬಂತು. ಕೋವಿ ಒರೆಸಿ, ಅದಕ್ಕೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ, ಕತ್ತಿ ಪಕ್ಕದಲ್ಲಿ ನನ್ನ ಸ್ಪ್ಯಾನರನ್ನೂ ಪೂಜೆಗೆ ಇಟ್ಟೆ. ಅಡಿಗೆಮನೆಯಲ್ಲಿ ಹಂದಿ ಕರಿಗೆ ಮನೆಯ ಮೆಣಸು ಹುರಿದು ಮಿಕ್ಸಿಗೆ ಹಾಕಿದರು. ಕಟಾರ್ ಅಂತು. ಮನೆಯಿಡೀ ಸ್ತಬ್ಧ. ಹೋಗಿ ನೋಡಿದರೆ ಬ್ಲೇಡು ಮುರಿದಿದೆ, ಮೋಟಾರಿನಿಂದ ಹೊಗೆ, ಜಾರಿನ ತಳದಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತ ಕೂತಿದೆ ಇಪ್ಪತ್ತೆರಡನೆಯದು.

ಮಿಕ್ಸಿ ತಿರುಗಿಸಿ ನೋಡಿದೆ. ಅಡಿಯಲ್ಲಿ ನಾಲ್ಕೇ ಸ್ಕ್ರೂ. ಪೂಜೆ ಮುಗಿಯುವ ತನಕ ಆಯುಧ ಮುಟ್ಟುವಂತಿಲ್ಲ ಅಂತ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.