ಗೋಬಿಯ ಕೆಂಪು ಆಯ್ತು, ಸಾಸಿನ ಕಂದು ಬಣ್ಣವನ್ನೂ ಅಳೆಯಿರಿ

2024ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. 171 ಸ್ಯಾಂಪಲ್‌ಗಳ ಪೈಕಿ 107ರಲ್ಲಿ ಅಪಾಯಕಾರಿ ಬಣ್ಣ ಸಿಕ್ಕಿತ್ತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಅದೇ ಬಾಣಲೆಗೆ ಸುರಿಯುವ ಸೋಯಾ ಸಾಸ್ ಬಗ್ಗೆ ನಾವು ಅಷ್ಟಾಗಿ ಮಾತಾಡಿಲ್ಲ.

ಬಾಟಲಿಯ ಲೇಬಲ್ ಓದಿ. 150ಸಿ ಅಥವಾ 150ಡಿ ಅಂತಿದ್ದರೆ ಅದು ಕ್ಯಾರಮೆಲ್ ಬಣ್ಣ. ಕೋಲಾಗಳಲ್ಲೂ ಇರುವುದು 150ಡಿ. ಮನೆಯಲ್ಲಿ ಸಕ್ಕರೆ ಕೆಂಪಗೆ ಕಾಯಿಸಿದಂತಲ್ಲ ಇದು. ಈ ಎರಡು ಬಗೆಗಳಲ್ಲಿ ಸಕ್ಕರೆಯ ಜೊತೆ ಅಮೋನಿಯಾ ಸಂಯುಕ್ತಗಳನ್ನೂ ಸೇರಿಸಿ ಕಾಯಿಸುತ್ತಾರೆ. ಆಗ 4-ಮೀಥೈಲ್‌ಇಮಿಡಝೋಲ್, ಚಿಕ್ಕದಾಗಿ 4-ಎಂಇಐ, ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಯಾರೂ ಬೇಕಂತ ಹಾಕಿದ್ದಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆಯ 2007ರ ಅಧ್ಯಯನದಲ್ಲಿ ಇದನ್ನು ತಿಂದ ಇಲಿಗಳ ಶ್ವಾಸಕೋಶದಲ್ಲಿ ಗಡ್ಡೆಗಳು ಕಾಣಿಸಿದವು.

ಬಣ್ಣ ನೋಡಿ, ರುಚಿ ನೋಡಿ ಇದನ್ನು ಹಿಡಿಯೋಕಾಗಲ್ಲ. ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಅನ್ನೋ ಲ್ಯಾಬ್ ವಿಧಾನದಲ್ಲಿ ಸ್ಯಾಂಪಲ್ಲನ್ನು ಶುದ್ಧ ಮಾಡಿ, ನುಣ್ಣನೆಯ ಪುಡಿ ತುಂಬಿದ ಸಣ್ಣ ಸ್ಟೀಲ್ ಕೊಳವೆಯೊಳಗೆ ಭಾರೀ ಒತ್ತಡದಲ್ಲಿ ಹಾಯಿಸುತ್ತಾರೆ. ಈ ಕೊಳವೆಗೇ ಕಾಲಮ್ ಅನ್ನೋದು. ಒಂದೊಂದು ವಸ್ತುವೂ ತನ್ನದೇ ಹೊತ್ತಿಗೆ ಹೊರಬರುತ್ತದೆ, ಪರದೆಯ ಗೆರೆಯಲ್ಲಿ ಒಂದು ಪೀಕ್, ಅಂದರೆ ಶಿಖರ, ಏಳುತ್ತದೆ. ಇಲ್ಲಿ ಒಂದು ತೊಡಕಿದೆ. 2-ಎಂಇಐ ಅನ್ನೋ ಇನ್ನೊಂದು ವಸ್ತುವಿನ ಅಣುತೂಕವೂ 4-ಎಂಇಐನಷ್ಟೇ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ನೋಡಿದರೂ ಎರಡೂ ಒಂದೇ ಅನ್ನಿಸಿಬಿಡಬಹುದು. ಕಾಲಮ್ ಅವನ್ನು ಮೊದಲೇ ಬೇರ್ಪಡಿಸಿರಬೇಕು. ಗಡಿಬಿಡಿಯಲ್ಲಿ ಮುಗಿಸುವ ಟೆಸ್ಟ್ ಇದಲ್ಲ. ಒಳ್ಳೆಯ ಉಪಕರಣ ಬೇಕು, ಕಲಿತ ಕೈ ಬೇಕು, ದುಡ್ಡೂ ಬೇಕು.

ಅಷ್ಟು ಖರ್ಚು ಯಾಕೆ ಅಂತೀರಾ? ಕ್ಯಾಲಿಫೋರ್ನಿಯಾ ನೋಡಿ. ಒಬ್ಬರ ಹೊಟ್ಟೆಗೆ ಹೋಗುವ 4-ಎಂಇಐ ದಿನಕ್ಕೆ 29 ಮೈಕ್ರೋಗ್ರಾಂ ಮೀರುವಂತಿದ್ದರೆ ಎಚ್ಚರಿಕೆ ಹಾಕಬೇಕು ಅಂತ ಅಲ್ಲಿ ನಿಯಮ ಬಂತು. 2012ರಲ್ಲಿ ಅಮೆರಿಕದ ಒಂದು ಗ್ರಾಹಕ ಸಂಸ್ಥೆ ಬೇರೆ ಬೇರೆ ಕಡೆಯ ಕೋಕಾ-ಕೋಲಾ ಪರೀಕ್ಷೆ ಮಾಡಿಸಿತು. ಒಂದು ಕ್ಯಾನ್‌ನಷ್ಟು ಪಾನೀಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ 4 ಮೈಕ್ರೋಗ್ರಾಂ, ಬ್ರೆಜಿಲ್‌ನಲ್ಲಿ 267! ಅದೇ ಹೆಸರು, ಅದೇ ಪಾನೀಯ. ಅಂದರೆ ಕಡಿಮೆ ಮಾಡೋಕೆ ಬರುತ್ತೆ ಅಂತಾಯ್ತು, ಅಲ್ವಾ?

ಸುಮ್ನೆ ಹೆದರಿಸೋಕೆ ಬರೆಯುತ್ತಿಲ್ಲ. ಇಲಿಗಳಿಗೆ ಕೊಟ್ಟ ಪ್ರಮಾಣ ಮುಟ್ಟಲು ದಿನಕ್ಕೆ ಸಾವಿರಕ್ಕೂ ಜಾಸ್ತಿ ಕ್ಯಾನ್ ಕುಡಿಯಬೇಕು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗಲೇ ಹೇಳಿತ್ತು. ಒಪ್ಪುತ್ತೇನೆ. ಹಾಗಿದ್ದರೂ ನಮ್ಮ ಮಕ್ಕಳ ತಟ್ಟೆಗೆ ಎಷ್ಟು ಬೀಳುತ್ತಿದೆ ಅನ್ನೋದು ನಮಗೆ ಗೊತ್ತಿರಬೇಕು. ಅನುಮತಿ ಇರುವ ಬಣ್ಣ ಅಂತ ಕೈಬಿಡಬೇಡಿ. ಸಾಸ್, ಕೋಲಾ, ಕ್ಯಾರಮೆಲ್ ಬಣ್ಣ ಹಾಕಿದ ಬ್ರೆಡ್, ಎಲ್ಲವನ್ನೂ ಸರ್ಕಾರಿ ಲ್ಯಾಬ್‌ಗಳಲ್ಲಿ ವರ್ಷ ವರ್ಷ ಪರೀಕ್ಷಿಸಿ. ಬಂದ ಅಂಕಿಗಳನ್ನು ಬ್ರ್ಯಾಂಡ್ ಹೆಸರಿನ ಸಮೇತ ಕನ್ನಡದಲ್ಲೇ ಪ್ರಕಟಿಸಿ.